ಆತಕೂರಿನ ನಾಯಿ ಯಾವ ಕಾಲಂನಲ್ಲಿ?



ಈ ದತ್ತಿ ಉಪನ್ಯಾಸದ ಆಹ್ವಾನಪತ್ರಿಕೆಯಲ್ಲಿ ನನ್ನ ವಿಷಯ ‘ಡಿಜಿಟಲ್ ಮಾನವಿಕ ಸಂಶೋಧನೆ ಮತ್ತು ಜ್ಞಾನಸಂಘಟನೆಯ ಪರಿಕರಗಳು’ ಎಂದು ಅಚ್ಚಾಗಿದೆ. ಓದಿದರೆ ನನಗೇ ಆಕಳಿಕೆ ಬರುತ್ತದೆ. ಹಾಗಾಗಿ ಒಂದು ನಾಯಿಯಿಂದ ಶುರು ಮಾಡುತ್ತೇನೆ.

ನಾಯಿಯ ಹೆಸರು ಕಾಳಿ. ಇಂದಿಗೆ ಸಾವಿರದ ಎಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ತಕ್ಕೋಲದಲ್ಲಿ ದೊಡ್ಡ ಯುದ್ಧವಾಯಿತು. ಒಂದು ಕಡೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಅವನ ಪಕ್ಕದಲ್ಲಿ ಗಂಗರ ಇಮ್ಮಡಿ ಬೂತುಗ. ಎದುರಿಗೆ ಚೋಳರ ರಾಜಾದಿತ್ಯ. ರಾಜಾದಿತ್ಯ ಮಡಿದ. ಆ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ಮಣಲೆರ ಎಂಬ ವೀರನನ್ನು ಬೂತುಗ ಮೆಚ್ಚಿ, ಬೇಕಾದ್ದನ್ನು ಕೇಳಿಕೋ ಎಂದ. ಮಣಲೆರ ಹೊನ್ನು ಕೇಳಲಿಲ್ಲ, ಕುದುರೆ ಕೇಳಲಿಲ್ಲ. ಒಡೆಯನ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಆತಕೂರಿನ ಗುಡಿಯ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಕಾದುತ್ತಿರುವ ಚಿತ್ರ ಇವತ್ತಿಗೂ ಇದೆ.

ಅದೂ ಒಂದು ದತ್ತಿ. ನಾವು ಇವತ್ತು ಸೇರಿರುವುದೂ ಒಂದು ದತ್ತಿಯ ಹೆಸರಿನಲ್ಲೇ.

ಕೆಲವು ವರ್ಷಗಳ ಹಿಂದೆ ನಾನು ವೀರಗಲ್ಲುಗಳನ್ನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಲು ಕೂತೆ. ಎಕ್ಸೆಲ್ ಶೀಟು ತೆರೆದು ಊರು, ತಾಲ್ಲೂಕು, ಜಿಲ್ಲೆ, ಅರಸುಮನೆತನ, ತಾರೀಖು, ಶಾಸನದ ಬಗೆ, ಮಡಿದ ವ್ಯಕ್ತಿಯ ಹೆಸರು, ಲಿಂಗ, ಮರಣದ ಕಾರಣ, ದತ್ತಿ ಎಂದು ಕಾಲಂ ಎಳೆದೆ. ಬಹಳ ಶಿಸ್ತಿನ ಕೆಲಸ ಮಾಡಿದ್ದೇನೆ ಎಂಬ ಹೆಮ್ಮೆ. ತುರುಗಾಳಗದಲ್ಲಿ ಸತ್ತವರು, ಊರಳಿವಿನಲ್ಲಿ ಸತ್ತವರು, ಹುಲಿ ಹೊಡೆಯಲು ಹೋಗಿ ಸತ್ತವರು ಎಲ್ಲರೂ ಸಲೀಸಾಗಿ ಸಾಲಿನಲ್ಲಿ ನಿಂತರು. ಆತಕೂರಿಗೆ ಬಂದಾಗ ಶೀಟು ಕೈಕೊಟ್ಟಿತು.

‘ಮಡಿದ ವ್ಯಕ್ತಿ’ ಎಂಬಲ್ಲಿ ಕಾಳಿ ಎಂದು ಬರೆಯಲೇ? ಬರೆದರೆ ನಾಳೆ ಯಾರೋ ಹುಡುಗ ಹತ್ತನೆಯ ಶತಮಾನದ ವೀರಮಹಿಳೆಯರ ಪಟ್ಟಿ ಮಾಡುವಾಗ ಕಾಳಿಯೂ ಅದರಲ್ಲಿ ಸೇರಿಕೊಳ್ಳುತ್ತಾಳೆ. ಬಿಟ್ಟರೆ ಈ ಕಲ್ಲು ಯಾರಿಗಾಗಿ ನಿಂತಿತೋ ಆ ಜೀವವೇ ಪಟ್ಟಿಯಲ್ಲಿ ಇಲ್ಲ. ‘ಅರಸುಮನೆತನ’ ಎಂದರೆ ಗಂಗರೋ ರಾಷ್ಟ್ರಕೂಟರೋ? ಇಬ್ಬರೂ ಹೌದು. ‘ಶಾಸನದ ಬಗೆ’ ವೀರಗಲ್ಲೋ ದಾನಶಾಸನವೋ? ಎರಡೂ. ‘ಜಿಲ್ಲೆ’? ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳನ್ನು ತರುತ್ತಿದ್ದಾಗ ಮಂಡ್ಯ ಒಂದು ತಾಲ್ಲೂಕು, ಅದೂ ಮೈಸೂರು ಜಿಲ್ಲೆಯದು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಆತಕೂರು ಈಗಿರುವುದು ಮದ್ದೂರು ತಾಲ್ಲೂಕಿನಲ್ಲಿ. ಇನ್ನು ಕಲ್ಲು? ಅದು ಆತಕೂರಿನಲ್ಲೇ ಇಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತಾರೀಖಿನ ಕಥೆ ಇನ್ನೂ ಸೊಗಸು. ಶಾಸನ ಹೇಳುವುದು ಶಕವರ್ಷ 872, ಸೌಮ್ಯ ಸಂವತ್ಸರ. ನಮಗೆಲ್ಲ ಶಾಲೆಯಲ್ಲಿ ಕಲಿಸಿದ ಲೆಕ್ಕ: ಶಕಕ್ಕೆ 78 ಕೂಡಿಸು. ಕೂಡಿಸಿದೆ, 950 ಬಂತು. ಆದರೆ ಸೌಮ್ಯ ಸಂವತ್ಸರ ಬೀಳುವುದು 949–50ರಲ್ಲಿ. ಇಲ್ಲಿ ಹೇಳಿರುವುದು ನಡೆಯುತ್ತಿರುವ ವರ್ಷ, ಕಳೆದ ವರ್ಷವಲ್ಲ; ಹಾಗಾಗಿ ಒಂದು ವರ್ಷದ ವ್ಯತ್ಯಾಸ. ನನ್ನ ಶೀಟು ಮಾತ್ರ ದಿನ, ತಿಂಗಳು, ವರ್ಷ ಮೂರೂ ಕೊಡು ಎಂದು ಹಟ ಹಿಡಿದಿತ್ತು. ಹಲ್ಮಿಡಿ ಶಾಸನದಲ್ಲಿ ತೇದಿಯೇ ಇಲ್ಲ. ಲಿಪಿ ನೋಡಿ 450ರ ಸುಮಾರು ಎನ್ನುತ್ತೇವೆ, ಅದರಲ್ಲೂ ಭಿನ್ನಾಭಿಪ್ರಾಯ ಇದೆ. ಅದನ್ನು ನಾನು ಮೊದಲು ‘01-01-450’ ಎಂದು ತುಂಬಿಸಿದ್ದೆ. ಕದಂಬರ ಕಾಲದಲ್ಲಿ ಹೊಸವರ್ಷದ ದಿನ ಬೆಳಿಗ್ಗೆಯೇ ಎದ್ದು ಶಾಸನ ಕೆತ್ತಿದರು ಎಂದ ಹಾಗಾಯಿತು. ಇದಕ್ಕೆ ಪರಿಹಾರ ಇದೆ: ‘ಸುಮಾರು’, ‘ಅನಿಶ್ಚಿತ’, ‘ಇಷ್ಟರಿಂದ ಇಷ್ಟರೊಳಗೆ’ ಎಂಬುದನ್ನೆಲ್ಲ ಬರೆಯುವ ಅಂತರರಾಷ್ಟ್ರೀಯ ಕ್ರಮವೊಂದು 2019ರ ಐಎಸ್‌ಒ ಮಾನಕದೊಳಗೇ ಸೇರಿದೆ. ಅದಕ್ಕಿಂತ ಮುಖ್ಯವಾದ ಪರಿಹಾರ ನಮ್ಮ ಕೈಯಲ್ಲೇ ಇದೆ. ಕಲ್ಲು ಹೇಳಿದ್ದು ಒಂದು ಕಾಲಂನಲ್ಲಿ, ನಾವು ಲೆಕ್ಕ ಹಾಕಿದ್ದು ಇನ್ನೊಂದು ಕಾಲಂನಲ್ಲಿ. ಮೊದಲನೆಯದನ್ನು ಯಾವತ್ತೂ ತಿದ್ದಬಾರದು. ಎರಡನೆಯದನ್ನು ಯಾರು ಬೇಕಾದರೂ ತಿದ್ದಬಹುದು.

ಅಂಕಣಗಳ ಈ ಗೋಳು ಹೊಸದಲ್ಲ. ಅಮರಕೋಶವನ್ನು ನಾವು ಬಾಯಿಪಾಠದ ಪುಸ್ತಕ ಎಂದುಕೊಂಡಿದ್ದೇವೆ. ಅದು ನಿಜಕ್ಕೂ ವರ್ಗ ವರ್ಗವಾಗಿ ಜಗತ್ತನ್ನು ಜೋಡಿಸಿಟ್ಟ ಥಿಸಾರಸ್. ಆತಕೂರಿನ ಕಾಳಗವನ್ನು ಅಲ್ಲಿ ಹುಡುಕಿ ನೋಡಿ. ಕಾಡುಹಂದಿ ಸಿಗುವುದು ಸಿಂಹಾದಿ ವರ್ಗದಲ್ಲಿ, ಹುಲಿ ಸಿಂಹಗಳ ಜೊತೆ. ನಾಯಿ ಅಲ್ಲಿಲ್ಲ. ಅದು ಇರುವುದು ಶೂದ್ರವರ್ಗದಲ್ಲಿ, ಬೇಟೆಗಾರರ ಹಿಂದೆ. ಅದೇ ವರ್ಗದಲ್ಲಿ ಕುಂಬಾರ, ನೇಕಾರ ಎಲ್ಲರೂ ಇದ್ದಾರೆ. ಆನೆ ಕುದುರೆಗಳು ಕ್ಷತ್ರಿಯವರ್ಗದಲ್ಲಿ, ದನ ವೈಶ್ಯವರ್ಗದಲ್ಲಿ. ಪ್ರಾಣಿಯನ್ನು ಅದರ ದೇಹ ನೋಡಿ ವಿಂಗಡಿಸಲಿಲ್ಲ, ಯಾರ ಕೈಯಲ್ಲಿದೆ ಎಂದು ನೋಡಿ ವಿಂಗಡಿಸಿದರು. ಅದು ಆ ಕಾಲದ ಸಮಾಜದ ನೋಟ. ಪದಗಳ ಕೆಳಗೆ ಅದು ಸದ್ದಿಲ್ಲದೆ ಕೂತಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ಅಂಬಾ ಕುಲಕರ್ಣಿ ಮತ್ತು ಅವರ ಸಹೋದ್ಯೋಗಿಗಳು ಅಮರಕೋಶದ ಈ ಒಳಸಂಬಂಧಗಳನ್ನೆಲ್ಲ ಬಿಡಿಸಿ ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡಿದ್ದಾರೆ. ಆ ತರಹದ ಕೆಲಸದಿಂದಲೇ ಇಂಥ ವಿಷಯ ಕಣ್ಣಿಗೆ ಬೀಳುತ್ತದೆ.

ಹಳೆಯ ಕಾಲದವರನ್ನು ನೋಡಿ ನಗುವ ಮುಂಚೆ ನಮ್ಮ ಗ್ರಂಥಾಲಯದ ಕಪಾಟು ನೋಡೋಣ. 1876ರ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಧರ್ಮಕ್ಕೆ 200ರಿಂದ ನೂರು ಸಂಖ್ಯೆ. ಅದರಲ್ಲಿ 220ರಿಂದ 280ರವರೆಗೆ ಕ್ರೈಸ್ತಧರ್ಮ. ಲೋಕದ ಉಳಿದ ಧರ್ಮಗಳೆಲ್ಲ 290ರೊಳಗೆ ಒತ್ತಿಕೊಂಡು ಕೂರಬೇಕು. ಭಾರತದಲ್ಲಿ ಹುಟ್ಟಿದವೆಲ್ಲ 294 ಎಂಬ ಒಂದೇ ಕೋಣೆಯಲ್ಲಿ. ವಚನಕಾರರ ಮೇಲಿನ ಪುಸ್ತಕ ಹುಡುಕುತ್ತಾ ಆ ಕೋಣೆಯಲ್ಲಿ ಮೊಣಕಾಲೂರಿ ಕೂತವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಇಲ್ಲೇ ಎಸ್. ಆರ್. ರಂಗನಾಥನ್ ಅವರ ಮಾತು ಬರಬೇಕು. ಶೀಯಾಳಿಯಲ್ಲಿ ಹುಟ್ಟಿದ ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಕೊನೆಯ ಹದಿನೈದು ವರ್ಷ ಬೆಂಗಳೂರಿನವರೇ ಆದರು; 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಕಾನೊ ಆಟಿಕೆ ಕಂಡಾಗ ಅವರಿಗೆ ದಾರಿ ಹೊಳೆಯಿತಂತೆ: ಅದೇ ಪಟ್ಟಿ, ಅದೇ ನಟ್ಟು ಬೋಲ್ಟು, ಬೇರೆ ಬೇರೆ ಬೊಂಬೆ. ಜ್ಞಾನವನ್ನು ಮರದ ಕೊಂಬೆಗಳ ಹಾಗೆ ಮೊದಲೇ ಒಡೆದಿಟ್ಟರೆ ಪ್ರತಿ ಪುಸ್ತಕವೂ ಒಂದೇ ಕೊಂಬೆಯಲ್ಲಿ ಕೂರಬೇಕು. ಅದರ ಬದಲು ಮುಖಗಳಾಗಿ ಒಡೆದರೆ? ವ್ಯಕ್ತಿತ್ವ, ದ್ರವ್ಯ, ಕ್ರಿಯಾಶಕ್ತಿ, ದೇಶ, ಕಾಲ ಎಂಬ ಐದು ಮುಖ. ಬೇಕಾದ ಹಾಗೆ ಪೋಣಿಸಿಕೊಳ್ಳಿ, ನಡುವೆ ವಿರಾಮಚಿಹ್ನೆ ಇಡಿ. ಅದೇ 1933ರಲ್ಲಿ ಮೊದಲು ಅಚ್ಚಾದ ಕೋಲನ್ ಪದ್ಧತಿ. ಓದುಗರಿಗೆ ಆ ಸಂಖ್ಯೆಗಳು ಜಾತಕದ ಹಾಗೆ ಕಂಡವು, ನಮ್ಮ ಗ್ರಂಥಾಲಯಗಳೇ ಬಹುಪಾಲು ಡ್ಯೂಯಿಗೆ ಅಂಟಿಕೊಂಡವು. ಆದರೆ ತತ್ತ್ವ ಸೋಲಲಿಲ್ಲ. ಮೊಬೈಲಿನಲ್ಲಿ ಸೀರೆ ಕೊಳ್ಳುವಾಗ ಬಣ್ಣ, ಬಟ್ಟೆ, ಬೆಲೆ ಎಂದು ಒಂದೊಂದೇ ಗುರುತು ಹಾಕುತ್ತೀರಲ್ಲ, ಅದು ಈ ಮುಖಗಳ ವಿದ್ಯೆಯೇ.

ನನ್ನ ಶೀಟಿಗೆ ರಂಗನಾಥನ್ ಕಲಿಸಿದ್ದು ಇಷ್ಟು. ‘ಶಾಸನದ ಬಗೆ’ ಎಂದು ಒಂದು ಕಾಲಂ ಇಟ್ಟು ಕಲ್ಲಿನ ಕತ್ತು ಹಿಸುಕಬೇಡ. ಏನಕ್ಕಾಗಿ ನಿಂತಿತು, ಏನು ಕೊಟ್ಟರು, ಯಾರು ಕೊಟ್ಟರು, ಯಾರು ಸತ್ತರು, ಸತ್ತದ್ದು ಮನುಷ್ಯನೋ ಪ್ರಾಣಿಯೋ, ಇವೆಲ್ಲ ಬೇರೆ ಬೇರೆ ಮುಖ. ಕಾಳಿಗೆ ಜಾಗ ಸಿಕ್ಕಿತು.

ಇನ್ನು ಹೆಸರುಗಳ ವಿಷಯ. ಕನ್ನಡದ ಕೆಲಸದಲ್ಲಿ ಅರ್ಧ ತಲೆನೋವು ಇದೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ತೆಗೆದುಕೊಳ್ಳಿ. ಶಾಸನಗಳಲ್ಲೂ ಪುಸ್ತಕಗಳಲ್ಲೂ ಅದು ಬಳ್ಳಿಗಾವೆ, ಬಳ್ಳಿಗಾವಿ, ಬಳ್ಳಿಪುರ, ಬೆಳಗಾಮಿ. ಇತ್ತ ವೇಣುಗ್ರಾಮವೆಂದು ಹೆಸರಿದ್ದ ಊರು ಬೆಳಗಾಂ ಆಗಿ, 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ. ಕಂಪ್ಯೂಟರಿಗೆ ಅಕ್ಷರ ಗೊತ್ತು, ಊರು ಗೊತ್ತಿಲ್ಲ. ಅದರ ಕೈಗೆ ಕೊಟ್ಟರೆ ಒಂದೇ ಊರನ್ನು ನಾಲ್ಕು ಮಾಡುತ್ತದೆ, ಎರಡು ಊರನ್ನು ಒಂದು ಮಾಡುತ್ತದೆ. ನಾನೇ ಒಮ್ಮೆ ಒಂದು ಸಂಪುಟದಲ್ಲಿ ದಂಡನಾಯಕರು ಎಷ್ಟು ಜನ ಎಂದು ಹುಡುಕಿ, ಬಂದ ಸಂಖ್ಯೆಯನ್ನು ಒಂದು ವಿಚಾರಸಂಕಿರಣದಲ್ಲಿ ಗತ್ತಿನಿಂದ ಹೇಳಿಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: ‘ದಣ್ಣಾಯಕರನ್ನ ಬಿಟ್ಟಿರೇನಪ್ಪ?’ ಬಿಟ್ಟಿದ್ದೆ. ದಣ್ಡನಾಯಕರನ್ನೂ ಬಿಟ್ಟಿದ್ದೆ, ದಂಣಾಯಕರನ್ನೂ ಬಿಟ್ಟಿದ್ದೆ. ಹಳಗನ್ನಡದ ಱ, ೞ ಅಕ್ಷರಗಳು ಕೆಲವು ಪಠ್ಯದಲ್ಲಿ ಉಳಿದಿವೆ, ಕೆಲವರು ರ, ಳ ಎಂದೇ ಅಚ್ಚು ಹಾಕಿದ್ದಾರೆ. ಯುನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪು ಮಾಡಿದ ಕಡತವಂತೂ ಹುಡುಕುವ ಯಂತ್ರಕ್ಕೆ ಬರೀ ಗೀಚು.

ನನ್ನ ಗುರುಗಳಿಗೆ ಈ ಕಷ್ಟ ಇರಲಿಲ್ಲ. ಅವರ ಮೇಜಿನ ಮೇಲೆ ಪಾದರಕ್ಷೆಯ ಡಬ್ಬಿಗಳಿದ್ದವು, ಅವುಗಳ ತುಂಬ ಚೀಟಿ. ಮದುವೆ ಕರೆಯೋಲೆಯ ಹಿಂಬದಿ, ಪರೀಕ್ಷೆಯ ಹಾಳೆಯ ತುಂಡು, ಏನು ಸಿಕ್ಕರೆ ಅದನ್ನು ಒಂದೇ ಅಳತೆಗೆ ಕತ್ತರಿಸಿ ಇಟ್ಟಿದ್ದರು. ‘ಬೆಳಗಾಮಿ’ ಎಂಬ ಚೀಟಿ ಎಳೆದರೆ ಅದರಲ್ಲಿ ಬರೆದದ್ದು ಎರಡೇ ಪದ: ‘ನೋಡಿ: ಬಳ್ಳಿಗಾವೆ’. ‘ದಣ್ಣಾಯಕ’ ಎಳೆದರೆ ‘ನೋಡಿ: ದಂಡನಾಯಕ’. ‘ಮಗ್ಗದೆರೆ’ ಎಳೆದರೆ ಕೆಳಗೆ ‘ಇದನ್ನೂ ನೋಡಿ: ಗಾಣದೆರೆ, ಮೇಲೆ: ತೆರೆ’. ತೆರೆಯ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ‘ಸುಂಕ; ಅಲೆ ಅಲ್ಲ, ಪರದೆ ಅಲ್ಲ’ ಎಂದು ಎಚ್ಚರಿಕೆ. 2009ರಲ್ಲಿ ಡಬ್ಲ್ಯು3ಸಿ ಎಂಬ ಸಂಸ್ಥೆ ಸ್ಕಾಸ್ ಎಂಬ ಮಾನಕವನ್ನು ಹೊರತಂದಿತು. ಮುಖ್ಯ ಹೆಸರು, ಬದಲಿ ಹೆಸರು, ಮೇಲಿನ ಪರಿಕಲ್ಪನೆ, ಕೆಳಗಿನದು, ನೆಂಟ ಪರಿಕಲ್ಪನೆ: ಅದರ ಹೃದಯ ಇಷ್ಟೇ. ಅದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಡಬ್ಬಿ.

ಚೀಟಿಗೂ ಕಂಪ್ಯೂಟರಿಗೂ ನಂಟು ಹಳೆಯದು. ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ಟೊ ಬೂಸಾ, ಸಂತ ಥಾಮಸ್ ಅಕ್ವಿನಾಸ್ ಬರಹದಲ್ಲಿ ‘ಸಾನ್ನಿಧ್ಯ’ ಎಂಬ ಪರಿಕಲ್ಪನೆ ಹುಡುಕಲು ಹೊರಟು, ಅದಕ್ಕೆ ‘ಇನ್’ ಎಂಬ ಪುಟ್ಟ ಲ್ಯಾಟಿನ್ ಪದವನ್ನೇ ಹಿಡಿಯಬೇಕು ಎಂದು ಕಂಡುಕೊಂಡು, ಕೈಯಲ್ಲೇ ಹತ್ತು ಸಾವಿರ ಚೀಟಿ ಬರೆದರು. ಆಮೇಲೆ 1949ರಲ್ಲಿ ಐಬಿಎಂನ ಮುಖ್ಯಸ್ಥರ ಬಾಗಿಲು ತಟ್ಟಿದರು. ಸುಮಾರು ಒಂದು ಕೋಟಿ ಹತ್ತು ಲಕ್ಷ ಪದಗಳ ಸೂಚಿ, ಅಚ್ಚಿನಲ್ಲಿ 56 ಸಂಪುಟ. ಡಿಜಿಟಲ್ ಮಾನವಿಕಗಳ ಚರಿತ್ರೆಯನ್ನು ಅಲ್ಲಿಂದ ಶುರು ಮಾಡುವುದು ವಾಡಿಕೆ. ಕಾರ್ಡುಗಳಿಗೆ ತೂತು ಹೊಡೆದ ತರುಣಿಯರ ಹೆಸರು ಮಾತ್ರ ಬಹಳ ಕಾಲ ಯಾವ ಸೂಚಿಯಲ್ಲೂ ಬರಲಿಲ್ಲ.

ಹೆಸರಿನಷ್ಟೇ ಕಾಡುವುದು ನಂಬರು. ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ರೈಸ್ 1889ರಲ್ಲಿ ತಂದಾಗ ಅದರಲ್ಲಿ 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದಾಗ 573. ಕಲ್ಲು ಅದೇ ಬಂಡೆಯ ಮೇಲೆ ಅಲ್ಲಾಡದೆ ಇದೆ, ಪುಸ್ತಕದಿಂದ ಪುಸ್ತಕಕ್ಕೆ ಅದರ ಸಂಖ್ಯೆ ಬದಲಾಗಿದೆ. ಹಳೆಯ ಪ್ರಬಂಧದಲ್ಲಿ ಒಂದು ಸಂಖ್ಯೆ, ಹೊಸದರಲ್ಲಿ ಇನ್ನೊಂದು. ವಿದ್ಯಾರ್ಥಿಗೆ ಎರಡು ಬೇರೆ ಶಾಸನ ಎಂಬ ಭ್ರಮೆ. ಪ್ರತಿ ಕಲ್ಲಿಗೂ ಎಂದೆಂದಿಗೂ ಬದಲಾಗದ ಒಂದು ಗುರುತುಸಂಖ್ಯೆ ಬೇಕು, ಹಳೆಯ ನಂಬರುಗಳೆಲ್ಲ ಅದರ ಅಡಿಯಲ್ಲಿ ಬದಲಿ ಹೆಸರಾಗಿ ಸೇರಬೇಕು. ಗ್ರೀಕ್ ರೋಮನ್ ಲೋಕದ ಸ್ಥಳಗಳಿಗೆ ಪ್ಲೀಯಡೀಸ್ ಎಂಬ ಕೋಶ ಈ ಕೆಲಸ ಮಾಡಿದೆ. 2012ರಲ್ಲಿ ಶುರುವಾದ ವಿಕಿಡೇಟಾದಲ್ಲಿ ಪ್ರತಿ ವಸ್ತುವಿಗೂ ಕ್ಯೂ ಅಕ್ಷರದ ಒಂದು ಸಂಖ್ಯೆ ಇದೆ, ಅದಕ್ಕೆ ಕನ್ನಡದ ಹೆಸರು ಸೇರಿಸಲು ಯಾರ ಅಪ್ಪಣೆಯೂ ಬೇಡ.

ನಮ್ಮವರಿಗೆ ಗುರುತಿನ ಈ ಯುಕ್ತಿ ಗೊತ್ತಿರಲಿಲ್ಲವೇ? ವಚನದ ಕೊನೆಯ ಅಂಕಿತ ಏನು ಮತ್ತೆ? ಗುಹೇಶ್ವರ ಎಂದರೆ ಅಲ್ಲಮ, ಕೂಡಲಸಂಗಮದೇವ ಎಂದರೆ ಬಸವಣ್ಣ. 1993ರ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳನ್ನು ಇಂದು ಯಂತ್ರ ವಿಂಗಡಿಸುವಾಗ ಮೊದಲು ಹಿಡಿಯುವ ಎಳೆ ಇದೇ. ಆದರೆ ರಾಮನಾಥ ಎಂಬ ಅಂಕಿತ ಬಂದ ಕೂಡಲೇ ತೊಡಕು: ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೇ ಇಬ್ಬರೇ? ನಾಗವರ್ಮ ಎಷ್ಟು ಜನ ಎಂಬುದೂ ಇಂಥದೇ ಜಗಳ. ಡೇಟಾಬೇಸು ಮಾಡುವವರು ಇಲ್ಲಿ ದೊಡ್ಡ ತಪ್ಪು ಮಾಡುತ್ತಾರೆ. ಕೆಲಸ ಮುಂದುವರಿಯಲಿ ಎಂದು ಯಾವುದೋ ಒಂದು ಪಕ್ಷ ಹಿಡಿದು ಸಾಲು ತುಂಬಿಸಿಬಿಡುತ್ತಾರೆ. ಐದು ವರ್ಷ ಕಳೆದರೆ ಅದು ಅಭಿಪ್ರಾಯವಾಗಿತ್ತು ಎಂಬುದು ಎಲ್ಲರಿಗೂ ಮರೆತಿರುತ್ತದೆ; ‘ಡೇಟಾ’ ಆಗಿರುತ್ತದೆ.

ಇದಕ್ಕೆ ನನಗೆ ಕಂಡ ಅತಿ ಒಳ್ಳೆಯ ಮದ್ದು ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಬೆಳೆಸಿದ ಫ್ಯಾಕ್ಟಾಯ್ಡ್ ಕ್ರಮ. ಮಧ್ಯಯುಗದ ಜನರ ವಿವರ ಕೂಡಿಸುವಾಗ ಅವರು ‘ಇದು ಹೀಗೆ’ ಎಂದು ದಾಖಲಿಸುವುದಿಲ್ಲ; ‘ಈ ಆಧಾರ ಇವನ ಬಗ್ಗೆ ಹೀಗೆ ಹೇಳುತ್ತದೆ’ ಎಂದು ದಾಖಲಿಸುತ್ತಾರೆ. ಎರಡು ಆಧಾರ ಕಚ್ಚಾಡಿದರೆ ಎರಡು ದಾಖಲೆ, ಅಷ್ಟೇ.

ಆತಕೂರಿಗೇ ವಾಪಸು ಬರುತ್ತೇನೆ. ಮೇಲೆ ‘ರಾಜಾದಿತ್ಯ ಮಡಿದ’ ಎಂದು ಜಾರಿಕೊಂಡೆ. ಹೇಗೆ ಮಡಿದ? ಚೋಳರ ಲೈಡನ್ ತಾಮ್ರಪಟಗಳ ಪ್ರಕಾರ ಆನೆಯ ಮೇಲಿದ್ದಾಗ ಕೃಷ್ಣರಾಜನ ಬಾಣಗಳಿಂದ. ಆತಕೂರಿನ ಕಲ್ಲಿನ ಪ್ರಕಾರ ಬೂತುಗನ ಕೈಯಿಂದ. ಆ ಕಲ್ಲಿನ ಮಾತಿನಲ್ಲೂ ಎರಡು ಓದು. ಒಂದು ಪದವನ್ನು ‘ಕಳ್ಳ’ ಎಂದು ಹಿಡಿದ ಮೊದಲಿನ ಓದಿನಲ್ಲಿ ಬೂತುಗ ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಇರಿದ. ಅದನ್ನೇ ‘ಕಳ’ ಎಂದು ತಿದ್ದಿದ ಮುಂದಿನ ಓದಿನಲ್ಲಿ ಬಿಸುಗೆ, ಅಂದರೆ ಅಂಬಾರಿಯೇ ರಣರಂಗವಾಗಿ ಅಲ್ಲಿ ಕಾದಿ ಕೊಂದ. ಒಂದು ಒತ್ತಕ್ಷರದ ಮೇಲೆ ಒಬ್ಬ ಅರಸ ಕೊಲೆಗಡುಕನೋ ವೀರನೋ ಎಂಬುದು ನಿಂತಿದೆ. ‘ಮರಣದ ಕಾರಣ’ ಎಂಬ ನನ್ನ ಒಂದು ಕಾಲಂ ಇದನ್ನೆಲ್ಲ ಹೊರುವುದು ಹೇಗೆ? ಈಗ ಅಲ್ಲಿ ಮೂರು ದಾಖಲೆ ಇವೆ. ಪ್ರತಿಯೊಂದರ ಪಕ್ಕ ಯಾವ ಆಧಾರ, ಯಾರ ಓದು, ಯಾವ ವರ್ಷ, ಯಾವ ಪುಟ ಎಂದಿದೆ. ಶಾಸನ ಪಠ್ಯಕ್ಕೆಂದೇ ಇರುವ ಎಪಿಡಾಕ್ ಎಂಬ ಗುರುತಿನ ಕ್ರಮದಲ್ಲಿ ಸವೆದ ಅಕ್ಷರ, ಸಂಪಾದಕ ಊಹಿಸಿ ತುಂಬಿದ ಅಕ್ಷರ, ಓದಲಾಗದ ಜಾಗ ಎಲ್ಲಕ್ಕೂ ಬೇರೆ ಬೇರೆ ಗುರುತು ಇದೆ. ಪಠ್ಯ ಟೈಪು ಮಾಡುವಾಗಲೇ ಅದನ್ನು ಹಾಕಿದರೆ ಜಗಳ ಎಲ್ಲಿದೆ ಎಂದು ಯಂತ್ರವೂ ತೋರಿಸಬಲ್ಲದು.

ಅದೇ ಕಲ್ಲಿನಲ್ಲಿ ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳ ಪಟ್ಟಿ ಇದೆ: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ ಎಂಬುದು ಇನ್ನೂ ಚರ್ಚೆಯಲ್ಲಿದೆ. ಸಂಖ್ಯೆ ಕಂಡ ಕೂಡಲೇ ಕಂಪ್ಯೂಟರಿಗೆ ಕೂಡಿಸುವ ಚಟ. ಅದನ್ನು ಪಠ್ಯ ಎಂದೇ ಇಡಿ. ಮತ್ತರು, ಕಮ್ಮ, ಖಂಡುಗಗಳನ್ನು ಎಕರೆ ಮಾಡುವ ಆಸೆಯನ್ನೂ ಬಿಡಿ. ಅಳೆದ ಕೋಲು ಊರಿಂದ ಊರಿಗೆ ಬೇರೆ.

ಈಗ ಎಲ್ಲ ಕಡೆ ಶಾಸನ, ಹಸ್ತಪ್ರತಿ, ಹಳೆಯ ಪತ್ರಿಕೆಗಳ ಸ್ಕ್ಯಾನು ನಡೆಯುತ್ತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕಲ್ಲುಗಳ ಮೂರು ಆಯಾಮದ ಚಿತ್ರ ತೆಗೆದು ಅಕ್ಷರ ಉಳಿಸುತ್ತಿರುವುದು ಪುಣ್ಯದ ಕೆಲಸ. ಚಿತ್ರಕ್ಕೆ ಹಣ ಹುಟ್ಟುತ್ತದೆ, ಉದ್ಘಾಟನೆಗೆ ಮಂತ್ರಿಗಳೂ ಬರುತ್ತಾರೆ. ‘ನೋಡಿ: ಬಳ್ಳಿಗಾವೆ’ ಎಂದು ಬರೆಯುವ ಕೆಲಸಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ನನ್ನ ಅಭಿಪ್ರಾಯ ಖಂಡಿತವಾಗಿದೆ: ಕನ್ನಡಕ್ಕೆ ಈಗ ಬೇಕಾಗಿರುವುದು ಇನ್ನೊಂದು ಪೋರ್ಟಲ್ ಅಲ್ಲ. ಊರುಗಳ, ವ್ಯಕ್ತಿಗಳ, ಅಧಿಕಾರಪದವಿಗಳ, ತೆರಿಗೆಗಳ ಬದಲಿ ಹೆಸರುಗಳ ಪಟ್ಟಿ ಬೇಕು. ಎಲ್ಲರೂ ಬಳಸಬಹುದಾದ, ತಿದ್ದಬಹುದಾದ, ತಿದ್ದಿದವರ ಹೆಸರು ಉಳಿಯುವಂಥ ಪಟ್ಟಿ. ಎಂ.ಎ. ವಿದ್ಯಾರ್ಥಿಗಳು ತಲಾ ಒಂದು ತಾಲ್ಲೂಕು ಹಿಡಿದು ಕೂತರೆ ಅದು ಆಗುತ್ತದೆ. ಎಕ್ಸೆಲ್ ಸಾಕು.

ಆ ಪಟ್ಟಿಯ ಬಹುಭಾಗ ಆಗಲೇ ಬರೆದಿಟ್ಟಾಗಿದೆ, ನಮ್ಮ ಹಿರಿಯ ವಿದ್ವಾಂಸರ ಮನೆಗಳ ಅಟ್ಟದ ಮೇಲೆ. ನನ್ನ ಗುರುಗಳು ತೀರಿಕೊಂಡ ಮೇಲೆ ಅವರ ಪುಸ್ತಕಗಳು ಒಂದು ಗ್ರಂಥಾಲಯಕ್ಕೆ ಹೋದವು. ಚೀಟಿಯ ಡಬ್ಬಿಗಳನ್ನು ಯಾರೂ ಕೇಳಲಿಲ್ಲ. ನಾನು ಹೋಗುವಷ್ಟರಲ್ಲಿ ಏಳು ಡಬ್ಬಿಯಲ್ಲಿ ಎರಡು ಉಳಿದಿದ್ದವು, ಉಳಿದವು ರದ್ದಿಗೆ ಹೋಗಿದ್ದವು. ಅದಕ್ಕಾಗಿಯೇ ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದವರಲ್ಲಿ, ಸಭೆಯಲ್ಲಿರುವ ಎಲ್ಲರಲ್ಲಿ ಒಂದು ಕೇಳಿಕೆ. ನಿಮ್ಮ ತಂದೆಯವರದೋ, ಮಾವನವರದೋ, ಮೇಷ್ಟ್ರದೋ ಅಂಥ ಚೀಟಿಗಳು ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅವು ಇರುವ ಕ್ರಮವನ್ನೂ ಕದಲಿಸಬೇಡಿ. ಹತ್ತಿರದ ಕನ್ನಡ ವಿಭಾಗಕ್ಕೆ ಒಂದು ಫೋನು ಮಾಡಿ, ಅವರು ಬರುವ ತನಕ ಡಬ್ಬಿಯ ಮುಚ್ಚಳ ಹಾಕಿಡಿ.